ಕೂಸಿಗೆ ಮೊದಲು ಕುಲಾವಿ: ನೆಕ್ಸ್ಟ್ ಕಂಪ್ಯೂಟರಿಗಾಗಿ ಕಾದ ಮೂರು ವರ್ಷ

ಒಂದು ವಸ್ತು ಕಣ್ಣಿಗೆ ಬೀಳುವ ಮೊದಲೇ ಅದರ ಬಗ್ಗೆ ಎಷ್ಟು ಬರೆಯಬಹುದು? ತಾಲೂಕು ಸುದ್ದಿ ಬರೆಯುವವರಿಗೆ ಈ ಪ್ರಶ್ನೆ ಹೊಸದೇನಲ್ಲ. ಬರುತ್ತದೆ ಎಂದ ರೈಲು, ಬರುತ್ತದೆ ಎಂದ ಕಾರ್ಖಾನೆ, ಮಂಜೂರಾಗಿದೆ ಎಂದ ಕಾಲೇಜು. ನಮ್ಮ ಹಳೆಯ ಕಟಿಂಗ್‌ಗಳನ್ನು ತೆಗೆದು ನೋಡಿದರೆ ಬಂದದ್ದರ ಸುದ್ದಿಗಿಂತ ಬರಬೇಕಾದದ್ದರ ಸುದ್ದಿಯೇ ಹೆಚ್ಚು. ಹಾಗಾಗಿ 1985ರಿಂದ 1988ರವರೆಗೆ ಅಮೆರಿಕದ ಪತ್ರಕರ್ತರು ಹೊರಗಿನವರಾರೂ ನೋಡಿರದ ಒಂದು ಕಂಪ್ಯೂಟರಿನ ಹಿಂದೆ ಬಿದ್ದ ಕಥೆ ಓದಿದಾಗ ನನಗೆ ಅದು ದೂರದ ಊರಿನ ಕಥೆ ಅನ್ನಿಸಲಿಲ್ಲ.

ಆ ಕಂಪ್ಯೂಟರಿನ ಹೆಸರು ನೆಕ್ಸ್ಟ್. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಕಪ್ಪು ಪೆಟ್ಟಿಗೆ. ಹಳೆಯ ಕಂಪ್ಯೂಟರ್ ಸಂಗ್ರಹಿಸುವವರು ಇವತ್ತು ಎಲ್ಲಾದರೂ ಒಂದು ನೆಕ್ಸ್ಟ್ ಇದೆಯಂತೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ವಿಚಾರಿಸಲು ಹೊರಡುತ್ತಾರೆ. ಜನರನ್ನು ಎರಡು ಸಲ ಕಾಯಿಸುವುದು ಈ ಯಂತ್ರದ ಹಣೆಯಲ್ಲಿ ಬರೆದಿತ್ತು: ಹುಟ್ಟುವ ಮುಂಚೆ ಮೂರು ವರ್ಷ, ಸತ್ತ ಮೇಲೆ ಮೂವತ್ತು ವರ್ಷ.

ನೆಕ್ಸ್ಟ್ ಸೇರುವ ಜಾತಿಗೆ ವರ್ಕ್‌ಸ್ಟೇಷನ್ ಎನ್ನುತ್ತಾರೆ. ಆ ಪದಕ್ಕೆ ಕನ್ನಡದಲ್ಲಿ ಬಳಕೆಯ ಹೆಸರಿಲ್ಲ, ಹಾಗೇ ಬಳಸುತ್ತೇನೆ. 1980ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಅಂದರೆ ಒಂದೋ ಮೇಜಿನ ಮೇಲಿನ ಚಿಕ್ಕ ಪಿಸಿ, ಲೆಕ್ಕಪತ್ರ, ಟೈಪಿಂಗ್, ಆಟ ಇಷ್ಟಕ್ಕೆ ಸರಿ. ಇಲ್ಲವೇ ಹವಾನಿಯಂತ್ರಿತ ಕೋಣೆಯಲ್ಲಿ ಕೂತ ದೊಡ್ಡ ಯಂತ್ರ, ಅದರ ಸಮಯವನ್ನು ಹತ್ತಾರು ಜನ ಹಂಚಿಕೊಳ್ಳಬೇಕು. ಇವೆರಡರ ನಡುವೆ ಹುಟ್ಟಿದ್ದು ವರ್ಕ್‌ಸ್ಟೇಷನ್. ಒಬ್ಬ ಎಂಜಿನಿಯರಿಗೆ ಅಥವಾ ವಿಜ್ಞಾನಿಗೆ ಒಂದು ಯಂತ್ರ, ದೊಡ್ಡ ಪರದೆ, ಯುನಿಕ್ಸ್ ಎಂಬ ಗಟ್ಟಿ ಆಪರೇಟಿಂಗ್ ಸಿಸ್ಟಮ್, ಪಕ್ಕದ ಯಂತ್ರಗಳಿಗೆ ನೆಟ್‌ವರ್ಕ್ ತಂತಿ. 1980ರಲ್ಲಿ ಅಪೋಲೊ, 1982ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿಗಳು ಇಂಥ ಯಂತ್ರಕ್ಕೆಂದೇ ಶುರುವಾದವು. ಸನ್ ಕಟ್ಟಿದ ನಾಲ್ವರಲ್ಲಿ ಒಬ್ಬರು ದೆಹಲಿ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ. ಬೆಲೆ ಮಾತ್ರ ಹತ್ತಾರು ಸಾವಿರ ಡಾಲರ್. ವಿದ್ಯಾರ್ಥಿಯ ಮೇಜಿಗೆ ಅದು ಬರುವ ಮಾತೇ ಇರಲಿಲ್ಲ.

ವಿದ್ಯಾರ್ಥಿಯ ಮೇಜಿಗೂ ಬರಬೇಕು ಎಂದು ಲೆಕ್ಕ ಹಾಕಿದವರಲ್ಲಿ ನಮ್ಮ ಕಡೆಯವರೊಬ್ಬರಿದ್ದರು. ಕೋಲಾರಕ್ಕೆ ಅಂಟಿಕೊಂಡ ಆಗಿನ ಚಿತ್ತೂರು ಜಿಲ್ಲೆಯ ಕಾಟೂರು ಎಂಬ ಹಳ್ಳಿಯಲ್ಲಿ ಹುಟ್ಟಿದ ರಾಜ್ ರೆಡ್ಡಿ ಆಗ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಮುಂದೆ 1994ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರೂ ಅವರ ಸಹೋದ್ಯೋಗಿಗಳೂ ಒಂದು ಸರಳ ಗುರಿ ಇಟ್ಟರು, ಅದರ ಹೆಸರು ‘ತ್ರೀ ಎಂ’. ಹತ್ತು ಲಕ್ಷ ಬೈಟ್ ನೆನಪಿನ ಶಕ್ತಿ, ಪರದೆಯ ಮೇಲೆ ಹತ್ತು ಲಕ್ಷ ಚುಕ್ಕಿ, ಸೆಕೆಂಡಿಗೆ ಹತ್ತು ಲಕ್ಷ ಸೂಚನೆ ಪಾಲಿಸುವ ವೇಗ. ಮೂರೂ ‘ಮೆಗಾ’, ಅದಕ್ಕೇ ಮೂರು ಎಂ. ಬೆಲೆಯೂ ಹತ್ತು ಲಕ್ಷ ಪೆನ್ನಿ ಮೀರಬಾರದು ಎಂಬ ಚಟಾಕಿಯನ್ನು ಯಾರೋ ಸೇರಿಸಿದರು. ಅಂದರೆ 10,000 ಡಾಲರ್. ಹೋಲಿಕೆಗೆ ಹೇಳುವುದಾದರೆ, 1984ರ ಜನವರಿಯಲ್ಲಿ ಬಂದ ಮೊದಲ ಮ್ಯಾಕಿಂಟಾಷ್‌ನ ಪರದೆಯಲ್ಲಿ ಇದ್ದದ್ದು 1.75 ಲಕ್ಷ ಚುಕ್ಕಿ, ನೆನಪಿನ ಶಕ್ತಿ 128 ಕಿಲೋಬೈಟ್. ಗುರಿ ಎಷ್ಟು ದೂರದಲ್ಲಿತ್ತು ಅಂತ ಇದರಿಂದ ತಿಳಿಯುತ್ತದೆ.

ಆಪಲ್ ಕಂಪನಿಯ ಒಳಗೂ ಈ ಗುರಿಯ ಹಿಂದೆ ಬಿದ್ದವರಿದ್ದರು. ‘ಬಿಗ್ ಮ್ಯಾಕ್’ ಎಂಬ ಹೆಸರಿನಲ್ಲಿ ಒಂದು ಯಂತ್ರದ ಕೆಲಸ ನಡೆದಿತ್ತು. ಅಷ್ಟರಲ್ಲಿ 1985ರ ಮೇ ತಿಂಗಳಲ್ಲಿ ಸ್ಟೀವ್ ಜಾಬ್ಸ್ ಮತ್ತು ಕಂಪನಿಯ ಮುಖ್ಯಸ್ಥ ಜಾನ್ ಸ್ಕಲಿ ನಡುವೆ ಜಗಳ ಹತ್ತಿ, ಆಡಳಿತ ಮಂಡಳಿ ಸ್ಕಲಿ ಕಡೆ ನಿಂತಿತು. ಜಾಬ್ಸ್ ಕೈಯಿಂದ ಅಧಿಕಾರ ಹೋಯಿತು. ಕೆಲಸವಿಲ್ಲದೆ ಓಡಾಡುತ್ತಿದ್ದ ಆ ತಿಂಗಳುಗಳಲ್ಲಿ ಅವರು ಸ್ಟ್ಯಾನ್‌ಫರ್ಡ್‌ನ ಪಾಲ್ ಬರ್ಗ್ ಅವರನ್ನು ಭೇಟಿಯಾದರು. ಬರ್ಗ್ ಜೀವರಸಾಯನ ವಿಜ್ಞಾನಿ, 1980ರ ನೊಬೆಲ್ ಪಡೆದವರು. ವಂಶವಾಹಿ ಪ್ರಯೋಗವೊಂದು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಹಿಡಿಯುತ್ತದೆ, ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲೇ ಅದನ್ನು ಮಾಡಿ ನೋಡುವ ಹಾಗಿದ್ದರೆ ಎಷ್ಟು ಚೆನ್ನ, ಆದರೆ ಅಷ್ಟು ಶಕ್ತಿಯ ಯಂತ್ರ ಕಾಲೇಜುಗಳಿಗೆ ಎಟಕುವುದಿಲ್ಲ ಎಂಬುದು ಅವರ ಮಾತಿನ ಸಾರ. ಜಾಬ್ಸ್‌ಗೆ ಬೇಕಾದದ್ದು ಸಿಕ್ಕಿತು. ಸೆಪ್ಟೆಂಬರ್ 17ರಂದು ರಾಜೀನಾಮೆ ಕೊಟ್ಟರು. ಐವರು ಆಪಲ್ ಬಿಟ್ಟು ಅವರ ಜೊತೆ ಬಂದರು. ಆಗ ಅವರಿಗೆ 30 ವರ್ಷ.

ಗಾಳಿಸುದ್ದಿಗೆ ಗಾಳಿ ಹಾಕಿದ್ದು ಆಪಲ್ಲೇ. ನಮ್ಮ ಗುಟ್ಟು ಕದ್ದೊಯ್ದರು ಎಂದು ಅದೇ ತಿಂಗಳು ಮೊಕದ್ದಮೆ ಹೂಡಿತು. ಒಂದು ಯಂತ್ರದ ತಿರುಪು ಕೂಡ ತಯಾರಾಗಿಲ್ಲ, ಆಗಲೇ ಅದರ ಮೇಲೆ ಕೋರ್ಟ್ ಕೇಸು! ಓದುವ ಜನ ಏನಂದುಕೊಳ್ಳಬೇಕು? ಇಷ್ಟು ದೊಡ್ಡ ಕಂಪನಿ ಇಷ್ಟು ಹೆದರಿದೆ ಅಂದರೆ ಏನೋ ಭಾರಿ ವಸ್ತುವೇ ಬರುತ್ತಿರಬೇಕು ಅಂತಲೇ. 1986ರ ಜನವರಿಯಲ್ಲಿ ರಾಜಿಯಾಯಿತು. ನೆಕ್ಸ್ಟ್ ತಯಾರಿಸುವ ಯಂತ್ರ ಮೇಲ್ದರ್ಜೆಯದಾಗಿರಬೇಕು, ಕಾಲೇಜು ವಿಶ್ವವಿದ್ಯಾಲಯಗಳಿಗೆ ಮಾರಬೇಕು, ಮ್ಯಾಕಿಂಟಾಷ್ ಜೊತೆ ಹೊಂದಿಕೊಳ್ಳುವಂತಿರಬಾರದು ಎಂಬ ಅರ್ಥದ ಷರತ್ತುಗಳು. ಕಾಯುವವರಿಗೆ ಯಂತ್ರದ ಅರ್ಧ ಜಾತಕ ಅಲ್ಲೇ ಸಿಕ್ಕಿಬಿಟ್ಟಿತು.

ಇಲ್ಲಿ ಒಂದು ಮಾತು. ಅದೇ ವರ್ಷಗಳಲ್ಲಿ ನಮ್ಮಲ್ಲೂ ಜನ ಕಾಯುತ್ತಿದ್ದರು. ಬಜಾಜ್ ಸ್ಕೂಟರಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ, ಟೆಲಿಫೋನ್ ಸಂಪರ್ಕಕ್ಕೆ ಅರ್ಜಿ ಹಾಕಿ ಇನ್ನೂ ಹೆಚ್ಚು ವರ್ಷ. ಆದರೆ ಆ ಕಾಯುವಿಕೆಯಲ್ಲಿ ಗುಟ್ಟೇನೂ ಇರಲಿಲ್ಲ. ಸ್ಕೂಟರ್ ಹೇಗಿರುತ್ತದೆ ಅಂತ ಬೀದಿಯಲ್ಲೇ ಕಾಣುತ್ತಿತ್ತು, ನಮ್ಮ ಸರದಿ ಬರಬೇಕಿತ್ತು ಅಷ್ಟೆ. ನೆಕ್ಸ್ಟ್‌ಗೆ ಕಾದವರಿಗೆ ತಾವು ಯಾವುದಕ್ಕೆ ಕಾಯುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಹಾಗೆ ಕಾಯುವವರ ಕಣ್ಣಿಗೆ ವಸ್ತು ದಿನದಿನಕ್ಕೂ ದೊಡ್ಡದಾಗುತ್ತಾ ಹೋಗುತ್ತದೆ.

ಯಂತ್ರಕ್ಕಿಂತ ಮುಂಚೆ ಬಂದದ್ದು ಲಾಂಛನ. ಐಬಿಎಂಗೆ ಲಾಂಛನ ಮಾಡಿಕೊಟ್ಟ ಪಾಲ್ ರಾಂಡ್ ಅವರನ್ನು ಹಿಡಿದು ಜಾಬ್ಸ್ ಒಂದು ಗುರುತು ಮಾಡಿಸಿದರು. ಶುಲ್ಕ 1,00,000 ಡಾಲರ್. ನಾಲ್ಕೈದು ನಮೂನೆ ತೋರಿಸಿ ಅಂದರೆ ರಾಂಡ್ ಒಪ್ಪಲಿಲ್ಲ, ಒಂದೇ ತೋರಿಸುತ್ತೇನೆ, ಬೇಕಾದರೆ ಬಳಸಿ, ಬೇಡವಾದರೆ ಬಿಡಿ, ದುಡ್ಡು ಕೊಡಿ ಎಂಬ ಗಟ್ಟಿಗ. 28 ಡಿಗ್ರಿ ವಾಲಿಸಿದ ಕಪ್ಪು ಘನದ ಮೇಲೆ ನಾಲ್ಕು ಅಕ್ಷರ, ಅದರಲ್ಲಿ ಇಂಗ್ಲಿಷಿನ ‘ಇ’ ಮಾತ್ರ ಚಿಕ್ಕದು. ಆಮೇಲೆ ಯಂತ್ರವೂ ಘನವಾಗಿಯೇ ಇರಬೇಕೆಂದಾಯಿತು. ಎರಕದ ಅಚ್ಚಿನಿಂದ ಪೆಟ್ಟಿಗೆ ಸಲೀಸಾಗಿ ಹೊರಬರಲೆಂದು ಯಾರೇ ಆದರೂ ಗೋಡೆಗಳನ್ನು ತುಸು ಓರೆ ಮಾಡುತ್ತಾರೆ. ಜಾಬ್ಸ್‌ಗೆ ಅದು ಬೇಡ, ಮೂಲೆಗಳು ಸರಿಯಾಗಿ 90 ಡಿಗ್ರಿಯೇ ಇರಬೇಕು. ಅಚ್ಚಿಗೇ 6,50,000 ಡಾಲರ್ ಹೋಯಿತು. ಪೆಟ್ಟಿಗೆಯ ಲೋಹ ಮೆಗ್ನೀಸಿಯಂ. ಫ್ರಿಮಾಂಟ್‌ನಲ್ಲಿ ಕಟ್ಟಿದ ಕಾರ್ಖಾನೆಯಲ್ಲಿ ರೋಬೋಗಳು ಬೋರ್ಡ್ ಜೋಡಿಸುವ ವ್ಯವಸ್ಥೆ, ತಿಂಗಳಿಗೆ 10,000 ಯಂತ್ರ ತಯಾರಿಸುವ ತಾಕತ್ತು. ಒಂದೇ ಒಂದು ಯಂತ್ರ ಮಾರಾಟವಾಗುವ ಮೊದಲು ಇದೆಲ್ಲ ಸಿದ್ಧವಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಅಂದರೆ ಇದೇ, ಅದೂ ರೇಷ್ಮೆ ಕುಲಾವಿ.

ಹಣ? ಮೊದಲು ಜಾಬ್ಸ್ ತಮ್ಮ ಜೇಬಿನಿಂದ 70 ಲಕ್ಷ ಡಾಲರ್ ಹಾಕಿದರು. ಅದು ಕರಗುತ್ತಿದ್ದಾಗ 1986ರ ನವೆಂಬರಿನಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಹೊಸ ಉದ್ಯಮಿಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ನೆಕ್ಸ್ಟ್ ತಂಡ ಕೂತು ವಾದಿಸುವ ದೃಶ್ಯಗಳಿವೆ: ಯಂತ್ರ 1987ಕ್ಕೆ ಬರಲೇಬೇಕು, ಬೆಲೆ 3,000 ಡಾಲರ್ ದಾಟಿದರೆ ಕಾಲೇಜುಗಳು ಕೊಳ್ಳುವುದಿಲ್ಲ. ಟೆಕ್ಸಾಸ್‌ನ ಕೋಟ್ಯಧೀಶ ರಾಸ್ ಪೆರೋ ಅದನ್ನು ನೋಡಿ ಫೋನ್ ಮಾಡಿದರು. 1987ರಲ್ಲಿ 2 ಕೋಟಿ ಡಾಲರ್ ಕೊಟ್ಟು ಕಂಪನಿಯ 16 ಶೇಕಡಾ ಪಾಲು ತೆಗೆದುಕೊಂಡರು. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಗಿ ಮೆಲನ್ ಕೂಡ ಸ್ವಲ್ಪ ಹಣ ಹೂಡಿದವು. ಉತ್ಪನ್ನವಿಲ್ಲದ ಕಂಪನಿಗೆ 12 ಕೋಟಿ ಡಾಲರಿಗೂ ಮಿಕ್ಕಿದ ಬೆಲೆ ಕಟ್ಟಿದಂತಾಯಿತು. ನನ್ನ ಕೇಳಿದರೆ ಪೆರೋ ಕೊಂಡದ್ದು ಯಂತ್ರವನ್ನಲ್ಲ, ಸುದ್ದಿಯನ್ನು.

1987 ಬಂತು, ಹೋಯಿತು. ಯಂತ್ರ ಬರಲಿಲ್ಲ.

ತಡವಾದದ್ದಕ್ಕೆ ಕಾರಣ ಸೋಮಾರಿತನವಲ್ಲ, ಎಲ್ಲವನ್ನೂ ಹೊಸದಾಗಿಯೇ ಮಾಡುತ್ತೇವೆಂಬ ಹಟ. ಯುನಿಕ್ಸ್ ಗಟ್ಟಿ, ಆದರೆ ಅದನ್ನು ಬಳಸುವುದು ಸಾಮಾನ್ಯರಿಗೆ ಕಷ್ಟ. ಅದರ ಮೇಲೆ ಮ್ಯಾಕಿಂಟಾಷ್‌ನಂತೆ ಚಿತ್ರ, ಕಿಟಕಿ, ಮೌಸ್ ಇರುವ ಪದರ ಕೂರಿಸಬೇಕು. ಇದಕ್ಕಾಗಿ ಕಾರ್ನೆಗಿ ಮೆಲನ್‌ನಲ್ಲಿ ಬೆಳೆದ ‘ಮಾಕ್’ ಎಂಬ ತಿರುಳನ್ನು ತಂದರು, ಅದರ ಮೇಲೆ ಕೆಲಸ ಮಾಡಿದ್ದ ಆವಿ ಟೆವೇನಿಯನ್ ಎಂಬ ಯುವಕನನ್ನೂ ತಂದರು. ಮುದ್ರಣದಲ್ಲಿ ಬಳಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನೇ ಪರದೆಗೂ ತಂದರು, ಪರದೆಯಲ್ಲಿ ಕಂಡ ಅಕ್ಷರವೇ ಕಾಗದದ ಮೇಲೂ ಬೀಳಲಿ ಅಂತ. ಎಲ್ಲಕ್ಕಿಂತ ಮುಖ್ಯವಾದದ್ದು, ತಂತ್ರಾಂಶ ಬರೆಯುವವರಿಗೆ ಸಿದ್ಧ ಬಿಡಿಭಾಗಗಳ ಒಂದು ಉಗ್ರಾಣ. ಗುಂಡಿ, ಪಟ್ಟಿ, ಕಿಟಕಿ ಎಲ್ಲ ತಯಾರಿರುತ್ತವೆ, ಎಳೆದು ತಂದು ಜೋಡಿಸಿದರಾಯಿತು. ಕಾಯುತ್ತಿದ್ದ ಪತ್ರಿಕೆಗಳಿಗೆ ಈ ಉಗ್ರಾಣದ ಬಗ್ಗೆ ಆಸಕ್ತಿ ಇರಲಿಲ್ಲ. ಪೆಟ್ಟಿಗೆ ಹೇಗಿದೆಯಂತೆ, ಬೆಲೆ ಎಷ್ಟಂತೆ, ಇಷ್ಟೇ.

1988ರ ಅಕ್ಟೋಬರ್ 12. ಸ್ಯಾನ್ ಫ್ರಾನ್ಸಿಸ್ಕೊದ ಡೇವಿಸ್ ಸಿಂಫನಿ ಹಾಲ್‌ನಲ್ಲಿ ಸುಮಾರು ಮೂರು ಸಾವಿರ ಆಹ್ವಾನಿತರು. ಅದಕ್ಕೂ ಮೊದಲೇ ಜಾಬ್ಸ್ ಒಂದಕ್ಕಿಂತ ಹೆಚ್ಚು ಪತ್ರಿಕೆಗಳಿಗೆ ಮೊದಲ ನೋಟದ ಆಸೆ ತೋರಿಸಿ, ಇಷ್ಟು ಕೊಟ್ಟರೆ ಇಷ್ಟು ಜಾಗ ಎಂಬಂತೆ ಚೌಕಾಸಿ ನಡೆಸಿದ್ದರು. ನ್ಯೂಸ್‌ವೀಕ್ ಅವರನ್ನು ಮುಖಪುಟದಲ್ಲಿ ಹಾಕಿತು. ಓದುವಾಗ ನನಗೆ ಮುಜುಗರವಾದದ್ದು ಇಲ್ಲೇ. ಮೂರು ವರ್ಷ ಬಾಗಿಲ ಹೊರಗೆ ನಿಲ್ಲಿಸಿದವನು ಬಾಗಿಲು ತೆಗೆದಾಗ ವರದಿಗಾರ ಪ್ರಶ್ನೆ ಕೇಳುವುದಿಲ್ಲ, ಥ್ಯಾಂಕ್ಸ್ ಹೇಳುತ್ತಾನೆ.

ವೇದಿಕೆಯ ಮೇಲೆ ಸುಮಾರು ಮೂರು ಗಂಟೆ ನಡೆದ ಪ್ರದರ್ಶನ ನಿಜಕ್ಕೂ ಬೆರಗಿನದೇ. ಯಂತ್ರದಲ್ಲಿ 25 ಮೆಗಾಹರ್ಟ್ಸ್ ವೇಗದ ಮೊಟೊರೊಲಾ 68030 ಚಿಪ್, ಧ್ವನಿಗೆಂದೇ ಬೇರೆ ಚಿಪ್, 8 ಮೆಗಾಬೈಟ್ ನೆನಪಿನ ಶಕ್ತಿ. 17 ಇಂಚಿನ ಪರದೆಯಲ್ಲಿ 1120 ಗುಣಿಸು 832 ಚುಕ್ಕಿ. ಲೆಕ್ಕ ಹಾಕಿ ನೋಡಿ, ಹತ್ತು ಲಕ್ಷಕ್ಕೆ ತುಸು ಕಡಿಮೆ. ಪೆಟ್ಟಿಗೆಯ ಜೊತೆಗೇ ಶೇಕ್ಸ್‌ಪಿಯರನ ಸಮಗ್ರ ಕೃತಿಗಳು, ಒಂದು ನಿಘಂಟು, ಸೂಕ್ತಿಗಳ ಕೋಶ. ಪದ ಬೆರಳಚ್ಚಿಸಿದರೆ ಕ್ಷಣದಲ್ಲಿ ಹುಡುಕಿ ಕೊಡುತ್ತದೆ. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ವಾದ್ಯವೃಂದದ ಪಿಟೀಲು ವಾದಕರೊಬ್ಬರು ವೇದಿಕೆಗೆ ಬಂದು ಕಂಪ್ಯೂಟರಿನ ಜೊತೆ ಬಾಖ್‌ನ ರಚನೆಯನ್ನು ಜೋಡಿಯಾಗಿ ನುಡಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಬೆಲೆ ಹೇಳಿದಾಗ ಚಪ್ಪಾಳೆ ತೆಳುವಾಯಿತು. 6,500 ಡಾಲರ್. ಆಗಿನ ದರದಲ್ಲಿ 90,000 ರೂಪಾಯಿ ದಾಟುತ್ತದೆ. ಪ್ರಿಂಟರಿಗೆ ಇನ್ನೂ 2,000 ಡಾಲರ್, ಹಾರ್ಡ್ ಡಿಸ್ಕ್ ಬೇಕಾದರೆ ಮತ್ತೆ ಬೇರೆ. ರಾಜ್ ರೆಡ್ಡಿಯವರ ಕಾಲದ ಲೆಕ್ಕದಲ್ಲಿ ಇದು ಅಗ್ಗವೇ. ಆದರೆ ವಿಶ್ವವಿದ್ಯಾಲಯಗಳ ಕಿವಿಯಲ್ಲಿ ಕೂತಿದ್ದ ಸಂಖ್ಯೆ 3,000. ಬರ್ಗ್ ಹೇಳಿದ ಆ ವಿದ್ಯಾರ್ಥಿ ಅಲ್ಲಿಗೆ ಪಟ್ಟಿಯಿಂದ ಬಿದ್ದುಹೋದ. ಸಭಾಂಗಣದ ಗದ್ದಲದಲ್ಲಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಯಂತ್ರವೂ ಅವತ್ತು ಪೂರ್ತಿ ಸಿದ್ಧವಿರಲಿಲ್ಲ. ಅದರ ಆಪರೇಟಿಂಗ್ ಸಿಸ್ಟಮ್ ನೆಕ್ಸ್ಟ್‌ಸ್ಟೆಪ್‌ನ ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 1989ರ ಸೆಪ್ಟೆಂಬರಿನಲ್ಲಿ. ಇನ್ನೊಂದು ತೊಡಕು ಡಿಸ್ಕಿನದು. ಫ್ಲಾಪಿ ಹಳೆಯ ಕಾಲದ್ದು ಎಂದು ಅದನ್ನು ಕಿತ್ತುಹಾಕಿ, ಕ್ಯಾನನ್ ಕಂಪನಿ ಮಾಡಿದ 256 ಮೆಗಾಬೈಟಿನ ಕಾಂತ-ಬೆಳಕಿನ ಡಿಸ್ಕ್ ಹಾಕಿದ್ದರು. ಇಡೀ ಪ್ರಪಂಚವನ್ನೇ ಬೆನ್ನಚೀಲದಲ್ಲಿ ಹಾಕಿಕೊಂಡು ಓಡಾಡಬಹುದು ಎಂಬ ಕನಸು. ಕನಸು ಚೆಂದ, ಡಿಸ್ಕ್ ನಿಧಾನ. ಮೇಲಾಗಿ ಇದ್ದದ್ದು ಒಂದೇ ಖಾನೆ. ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕನ್ನೇ ಅದರಲ್ಲಿ ಇಟ್ಟಿರಬೇಕಾದಾಗ ಗೆಳೆಯನಿಗೆ ಒಂದು ಫೈಲ್ ಕೊಡುವುದು ಹೇಗೆ? ಫ್ಲಾಪಿ ಇಲ್ಲ. ನೆಟ್‌ವರ್ಕ್ ಇದ್ದವನಿಗೆ ಪರವಾಗಿಲ್ಲ, ಇಲ್ಲದವನು ಡಿಸ್ಕ್ ಹಾಕಿ ತೆಗೆದು ಮಾಡುತ್ತಾ ಕೂರಬೇಕು.

1989ರ ಏಪ್ರಿಲ್‌ನಲ್ಲಿ ಸನ್ ಕಂಪನಿ ಸ್ಪಾರ್ಕ್‌ಸ್ಟೇಷನ್ 1 ತಂದಿತು. ಪಿಜ್ಜಾ ಡಬ್ಬಿಯಂತೆ ಚಪ್ಪಟೆ, 8,995 ಡಾಲರಿನಿಂದ ಶುರು, ವೇಗದಲ್ಲಿ ನೆಕ್ಸ್ಟ್‌ಗಿಂತ ಬಹಳ ಮುಂದೆ. ಯಾರೂ ಅದಕ್ಕಾಗಿ ಮೂರು ವರ್ಷ ಕಾದಿರಲಿಲ್ಲ, ಸಂಗೀತ ಸಭಾಂಗಣವೂ ಬೇಕಾಗಲಿಲ್ಲ. ಎಂಜಿನಿಯರ್‌ಗಳು ಸುಮ್ಮನೆ ಕೊಂಡರು. ಇತ್ತ ನೆಕ್ಸ್ಟ್, ಬಿಸಿನೆಸ್‌ಲ್ಯಾಂಡ್ ಎಂಬ ಅಂಗಡಿ ಸರಣಿಯ ಮೂಲಕ ಸುಮಾರು 10,000 ಡಾಲರಿಗೆ ಕಚೇರಿಗಳಿಗೂ ಮಾರಲು ಹೊರಟಿತು. ತಿಂಗಳಿಗೆ 10,000 ತಯಾರಿಸುವ ಕಾರ್ಖಾನೆಯಿಂದ ಆ ಹೊತ್ತಿಗೆ ತಿಂಗಳಿಗೆ ಮಾರಾಟವಾಗುತ್ತಿದ್ದದ್ದು 400ರ ಆಸುಪಾಸು. ಕ್ಯಾನನ್ 10 ಕೋಟಿ ಡಾಲರ್ ಹಾಕಿದ್ದರಿಂದ ಕಂಪನಿ ಉಸಿರಾಡಿತು. 1990ರ ಸೆಪ್ಟೆಂಬರಿನಲ್ಲಿ ವೇಗದ 68040 ಚಿಪ್ಪಿನ ಹೊಸ ಕ್ಯೂಬ್ ಬಂತು, ಜೊತೆಗೆ 4,995 ಡಾಲರಿನ ಚಪ್ಪಟೆ ನೆಕ್ಸ್ಟ್‌ಸ್ಟೇಷನ್. ಮೊದಲೇ ಹೀಗೆ ಮಾಡಿದ್ದರೆ ಎನ್ನುವವರಿದ್ದಾರೆ. ಇರಬಹುದು.

ಅದೇ ಸೆಪ್ಟೆಂಬರಿನಲ್ಲಿ ಒಂದು ಕ್ಯೂಬ್ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯಕ್ಕೆ ಹೋಯಿತು. ಅದಕ್ಕೆ ಯಾವ ಪತ್ರಿಕೆಯೂ ಕಾಯುತ್ತಿರಲಿಲ್ಲ.

ಅಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತಂತ್ರಜ್ಞ 1989ರ ಮಾರ್ಚ್‌ನಲ್ಲಿ ಒಂದು ಪ್ರಸ್ತಾವ ಬರೆದುಕೊಟ್ಟಿದ್ದರು. ಸಾವಿರಾರು ವಿಜ್ಞಾನಿಗಳು ಬಂದು ಹೋಗುವ ಜಾಗ, ಯಾರ ಕಾಗದ ಯಾವ ಕಂಪ್ಯೂಟರಿನಲ್ಲಿದೆ ಅಂತ ಗೊತ್ತಾಗುವುದಿಲ್ಲ, ಎಲ್ಲವನ್ನೂ ಕೊಂಡಿಗಳಿಂದ ಪೋಣಿಸೋಣ ಎಂಬ ಯೋಚನೆ. ಅವರ ಮೇಲಧಿಕಾರಿ ಮೈಕ್ ಸೆಂಡಾಲ್‌ಗೆ ಪ್ರಸ್ತಾವ ಅಸ್ಪಷ್ಟ ಅನ್ನಿಸಿತು, ಆದರೂ ಏನೋ ಇದೆ ಅನ್ನಿಸಿತು. ಅಧಿಕೃತ ಯೋಜನೆಯಾಗಿ ಒಪ್ಪಿಗೆ ಸಿಗದಿದ್ದರೂ ಒಂದು ನೆಕ್ಸ್ಟ್ ಕೊಳ್ಳಲು ಅವರು ಅನುಮತಿ ಕೊಟ್ಟರು. ಪತ್ರಿಕೆಗಳು ಕಡೆಗಣಿಸಿದ್ದ ಆ ಬಿಡಿಭಾಗಗಳ ಉಗ್ರಾಣ ಈಗ ಕೆಲಸಕ್ಕೆ ಬಂತು. ಕಿಟಕಿ, ಪಟ್ಟಿ, ಅಕ್ಷರ ತಿದ್ದುವ ಜಾಗ ಎಲ್ಲ ಸಿದ್ಧ ಸಿಗುತ್ತಿದ್ದರಿಂದ ಅವರು ಕೊಂಡಿಯ ಭಾಗವನ್ನಷ್ಟೇ ತಲೆಗೆ ಹಚ್ಚಿಕೊಂಡರು. 1990ರ ಕ್ರಿಸ್‌ಮಸ್ ಹೊತ್ತಿಗೆ ಜಗತ್ತಿನ ಮೊದಲ ವೆಬ್ ಬ್ರೌಸರ್, ಮೊದಲ ವೆಬ್ ಸರ್ವರ್ ಎರಡೂ ಆ ಕಪ್ಪು ಪೆಟ್ಟಿಗೆಯಲ್ಲಿ ಓಡುತ್ತಿದ್ದವು. ಇದು ಸರ್ವರ್, ಇದನ್ನು ಆಫ್ ಮಾಡಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅದಕ್ಕೆ ಅಂಟಿಸಿದ್ದರು. ಆಫ್ ಮಾಡಿದರೆ ಆಗ ಇಡೀ ವೆಬ್ಬೇ ಆಫ್.

ಬರೆಯುವ ಕಸುಬಿನ ನಮಗೆ ಮುಖ್ಯವಾದ ಒಂದು ಸಂಗತಿ ಇಲ್ಲಿದೆ, ಇದನ್ನು ಹೆಚ್ಚು ಜನ ಹೇಳುವುದಿಲ್ಲ. ಆ ಮೊದಲ ಬ್ರೌಸರ್ ಬರೀ ಓದುವ ಸಾಧನವಾಗಿರಲಿಲ್ಲ. ಓದುವ ಕಿಟಕಿಯಲ್ಲೇ ಬರೆಯಬಹುದಿತ್ತು. ಪುಟ ತೆರೆದು ಸಾಲು ಸೇರಿಸಿ, ಪದ ಆಯ್ದು ಇನ್ನೊಂದು ಪುಟಕ್ಕೆ ಕೊಂಡಿ ಹಾಕಿ ಉಳಿಸಬಹುದಿತ್ತು. ಓದುಗ ಬೇರೆ, ಬರೆಯುವವ ಬೇರೆ ಎಂಬ ಗೋಡೆ ಅದರಲ್ಲಿ ಇರಲಿಲ್ಲ. ಆದರೆ ಅದು ಓಡುತ್ತಿದ್ದದ್ದು ನೆಕ್ಸ್ಟ್ ಮೇಲೆ ಮಾತ್ರ, ನೆಕ್ಸ್ಟ್ ಇದ್ದವರು ಬೆರಳೆಣಿಕೆಯ ಜನ. ಮಿಕ್ಕವರಿಗೂ ವೆಬ್ ಕಾಣಲಿ ಎಂದು ನಿಕೋಲಾ ಪೆಲೋ ಎಂಬ ಗಣಿತದ ವಿದ್ಯಾರ್ಥಿನಿ ಯಾವ ಕಂಪ್ಯೂಟರಿನಲ್ಲಾದರೂ ಓಡುವ ಸರಳ ಬ್ರೌಸರ್ ಬರೆದರು. ಅದರಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ, ಬರೆಯುವ ಸೌಲಭ್ಯವೂ ಇಲ್ಲ. ಬಹಳಷ್ಟು ಜನ ವೆಬ್ಬನ್ನು ಮೊದಲು ನೋಡಿದ್ದು ಅದರಲ್ಲೇ. 1993ರಲ್ಲಿ ಊರೆಲ್ಲ ಹಬ್ಬಿದ ಮೊಸಾಯಿಕ್ ಬ್ರೌಸರಿನಲ್ಲಿ ಚಿತ್ರ ಬಂತು, ಬರೆಯುವುದು ಬರಲಿಲ್ಲ. ಹೀಗೆ ವೆಬ್‌ನ ಅರ್ಧ ಭಾಗ ಒಂದು ದುಬಾರಿ ಪೆಟ್ಟಿಗೆಯೊಳಗೇ ಉಳಿದುಕೊಂಡಿತು, ಜಗತ್ತಿಗೆ ಓದುವ ಅರ್ಧ ಮಾತ್ರ ಸಿಕ್ಕಿತು. ಬರೆಯುವ ಅರ್ಧ ವಾಪಸ್ ಬರಲು ಬ್ಲಾಗ್, ವಿಕಿಗಳ ಕಾಲ ಬರಬೇಕಾಯಿತು. 6,500ರ ಜಾಗದಲ್ಲಿ 3,000 ಇದ್ದು, ಆ ಪೆಟ್ಟಿಗೆ ಕಾಲೇಜು ಕಾಲೇಜಿನಲ್ಲೂ ಇದ್ದಿದ್ದರೆ ಏನಾಗುತ್ತಿತ್ತೋ. ಬೆಲೆಯ ಆ ಅಂತರ ನನ್ನನ್ನು ಕಾಡುವುದು ಇದಕ್ಕೇ.

1993ರ ಫೆಬ್ರವರಿಯಲ್ಲಿ ನೆಕ್ಸ್ಟ್ ಯಂತ್ರ ತಯಾರಿಸುವುದನ್ನೇ ನಿಲ್ಲಿಸಿತು. ಅರ್ಧಕ್ಕಿಂತ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು, ಕಾರ್ಖಾನೆ ಕ್ಯಾನನ್ ಪಾಲಾಯಿತು. ಎಲ್ಲ ಮಾದರಿ ಸೇರಿ ಮಾರಾಟವಾದದ್ದು ಸುಮಾರು 50,000, ಅಂದರೆ ಆ ಕಾರ್ಖಾನೆಯ ಐದು ತಿಂಗಳ ದುಡಿಮೆ. ಎರಡು ತಿಂಗಳ ಮೇಲೆ, ಏಪ್ರಿಲ್ 30ರಂದು, ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಎಂದು ಸರ್ನ್ ಘೋಷಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಪಿಸಿ ಆಟಗಾರರನ್ನು ಹುಚ್ಚೆಬ್ಬಿಸಿದ ‘ಡೂಮ್’ ಬಂತು. ಅದನ್ನು ರೂಪಿಸಿದ್ದೂ ನೆಕ್ಸ್ಟ್ ಯಂತ್ರಗಳ ಮೇಲೆ. 1996ರ ಡಿಸೆಂಬರಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಇಲ್ಲದೆ ಕಂಗಾಲಾಗಿದ್ದ ಆಪಲ್ 40 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ನೆಕ್ಸ್ಟನ್ನೇ ಕೊಂಡುಕೊಂಡಿತು. ಹಿಂದೆ ಕೇಸು ಹಾಕಿದ ಕಂಪನಿಯೇ! ನೆಕ್ಸ್ಟ್‌ಸ್ಟೆಪ್ ಮುಂದೆ ಮ್ಯಾಕ್ ಓಎಸ್ ಟೆನ್ ಆಯಿತು, ಅದರ ಬೇರಿನಿಂದ ಐಫೋನಿನ ತಂತ್ರಾಂಶ ಬಂತು. ಐಫೋನ್ ಆಪ್ ಬರೆಯುವವರು ಇವತ್ತಿಗೂ ‘ಎನ್ಎಸ್’ ಎಂದು ಶುರುವಾಗುವ ಹೆಸರುಗಳನ್ನು ಬಳಸುತ್ತಾರೆ. ಅದು ನೆಕ್ಸ್ಟ್‌ಸ್ಟೆಪ್‌ನ ಗುರುತು.

ಇನ್ನು ಎರಡನೆಯ ಕಾಯುವಿಕೆ. ಅಂದು ಹೆಚ್ಚು ಜನ ಕೊಳ್ಳಲಿಲ್ಲ, ಆದ್ದರಿಂದಲೇ ಇಂದು ಹುಡುಕಿದರೂ ಸಿಗುವುದಿಲ್ಲ. ಅದರಲ್ಲೂ 1988ರ ಮೂಲ ರೂಪದ ಕ್ಯೂಬ್ ಇನ್ನೂ ಅಪರೂಪ. 1990ರ ಹೊಸ ಚಿಪ್ ಬಂದಾಗ ಕಂಪನಿಯೇ ಹಳೆಯ ಕ್ಯೂಬಿನ ಬೋರ್ಡ್ ಬದಲಾಯಿಸಿಕೊಳ್ಳುವ ಅವಕಾಶ ಕೊಟ್ಟಿತ್ತು. ಪೆಟ್ಟಿಗೆ ಅದೇ, ಒಳಗಿನ ಜೀವ ಬೇರೆ. ಹಾಗಾಗಿ ಸಿಕ್ಕ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ತನಕ ಒಳಗಿರುವುದು ಯಾವುದು ಎಂದು ಹೇಳಲಾಗದು. ಕಾಂತ-ಬೆಳಕಿನ ಡಿಸ್ಕ್ ಯಂತ್ರ ಕೆಲಸ ಮಾಡುವ ಸ್ಥಿತಿಯಲ್ಲಿ ಸಿಗುವುದು ಅದೃಷ್ಟ, ಫ್ಯಾನು ಎಳೆಯುವ ಗಾಳಿಯ ಧೂಳು ಅದನ್ನು ಎಂದೋ ತಿಂದಿರುತ್ತದೆ. ಪರದೆಗಳು ಮಂಕಾಗಿವೆ.

ಇದಕ್ಕೂ ಮೇಲಿನ ಗಾಳಿಸುದ್ದಿ ಒಂದಿದೆ. ಯಂತ್ರ ನಿಲ್ಲಿಸುವ ಮೊದಲು ನೆಕ್ಸ್ಟ್ ಮೊಟೊರೊಲಾದ 88110 ಎಂಬ ಹೊಸ ಚಿಪ್ಪಿನ ಸುತ್ತ ಇನ್ನೊಂದು ವರ್ಕ್‌ಸ್ಟೇಷನ್ ಕಟ್ಟುತ್ತಿತ್ತು, ಒಂದೇ ಪೆಟ್ಟಿಗೆಯಲ್ಲಿ ಎರಡು ಚಿಪ್. ಕಾರ್ಖಾನೆಯಿಂದ ಅದು ಮಾರುಕಟ್ಟೆಗೆ ಬರಲೇ ಇಲ್ಲ. ಮಾಡಿದ್ದು ಕೆಲವೇ ಮಾದರಿ ಯಂತ್ರಗಳು. ಸಂಗ್ರಾಹಕರ ನಡುವೆ ಅದರ ಹೆಸರು ಬಂದರೆ ಮಾತು ಪಿಸುದನಿಗೆ ಇಳಿಯುತ್ತದೆ, ನಮ್ಮಲ್ಲಿ ನಿಧಿಯ ಸುದ್ದಿ ಬಂದಾಗ ಇಳಿಯುವಂತೆ.

ಯಂತ್ರ ಬೇಡ, ಅನುಭವ ಸಾಕು ಎನ್ನುವವರಿಗೆ ದಾರಿ ಇದೆ. ‘ಪ್ರೀವಿಯಸ್’ ಎಂಬ ಉಚಿತ ತಂತ್ರಾಂಶ ಮಾಮೂಲಿ ಲ್ಯಾಪ್‌ಟಾಪನ್ನೇ ನೆಕ್ಸ್ಟ್ ಆಗಿಸುತ್ತದೆ. ನೆಕ್ಸ್ಟ್ ಅಂದರೆ ‘ಮುಂದಿನದು’, ಪ್ರೀವಿಯಸ್ ಅಂದರೆ ‘ಹಿಂದಿನದು’; ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದೆ. ಅದರಲ್ಲಿ ಆ ಬೂದು ಕಿಟಕಿಗಳು, ಬಲಬದಿಗೆ ಸಾಲಾಗಿ ನಿಂತ ಚಿತ್ರಗಳು ಎಲ್ಲ ಹಾಗೇ ಕಾಣುತ್ತವೆ. ಆದರೂ ಹುಡುಕುವವರು ಪೆಟ್ಟಿಗೆಯನ್ನೇ ಹುಡುಕುತ್ತಾರೆ, ಹುಡುಕಿ ಅನೇಕರು ಮೋಸವನ್ನೂ ಹೋಗುತ್ತಾರೆ. ಏಕೆಂದರೆ ಕ್ಯೂಬ್ ಆನ್ ಮಾಡುವ ಗುಂಡಿ ಕ್ಯೂಬಿನ ಮೇಲಿಲ್ಲ, ಕೀಲಿಮಣೆಯ ಮೇಲಿದೆ. ಕೀಲಿಮಣೆಯ ತಂತಿ ಹೋಗುವುದು ಪರದೆಗೆ, ಪರದೆಗೆ ವಿದ್ಯುತ್ ಬರುವುದು ಕ್ಯೂಬಿನಿಂದ, ಎಲ್ಲ ಒಂದೇ ಕೇಬಲ್ಲಿನಲ್ಲಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಮೇಜಿನ ಮೇಲೆ ಒಂದಡಿಯ ಮೆಗ್ನೀಸಿಯಂ ಪೆಟ್ಟಿಗೆ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಯಾವುದೋ ಕಾಲೇಜಿನ ಗೋದಾಮಿನಲ್ಲಿ ಒಂದು ಕ್ಯೂಬ್ ಇದೆಯಂತೆ ಎಂದು ಯಾರಾದರೂ ಹೇಳಿದರೆ, ಬಲ್ಲವರು ಮೊದಲು ಬೆಲೆ ಕೇಳುವುದಿಲ್ಲ. ಕೀಲಿಮಣೆ ಇದೆಯಾ ಅಂತ ಕೇಳುತ್ತಾರೆ.